ಗಣಪತಿಯ ಡ್ರೈವರ್‌ಗೆ ನಾನು ಹಾಕಿದ ತಪ್ಪು ಶಾಫ್ಟ್

ಕೊರೊನಾ ಮುಗಿದ ಮರುವರ್ಷ. ದುಬೈನ ಗಾಲ್ಫ್ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಕ್ಲಬ್ ಫಿಟ್ಟರ್ ಆಗಿ ದುಡಿದು ಬಂದ ನಾನು, ಹೊನ್ನಾವರದ ಮನೆಯ ಹಿಂದಿನ ಶೆಡ್‌ನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದಿದ್ದೆ. ಆಟಗಾರನ ಕೈಬೀಸು ನೋಡಿ ಅವನಿಗೆ ಹೊಂದುವ ಕ್ಲಬ್, ಅಂದರೆ ಗಾಲ್ಫ್ ದಾಂಡು, ಜೋಡಿಸಿಕೊಡುವುದು ಫಿಟ್ಟರನ ಕೆಲಸ. "ಹೊನ್ನಾವರದಲ್ಲಿ ಗಾಲ್ಫಾ? ಮರುಳಾ ನಿಂಗೆ?" ಎಂದು ನೆಂಟರು ನಗಾಡಿದರು. ನಗಲಿ! ಗೋವಾ, ಹುಬ್ಬಳ್ಳಿಯಿಂದೆಲ್ಲ ಗಿರಾಕಿಗಳು ಬರತೊಡಗಿದ್ದರು.

ಫೆಬ್ರವರಿಯ ಒಂದು ಶನಿವಾರ ಗಣಪತಿ ಬಂದ. ನಮ್ಮೂರಿನವನೇ, ಮೀನುಗಾರರ ಮನೆಯವನು, ವಯಸ್ಸು ಮೂವತ್ತನಾಲ್ಕು. ಮಂಗಳೂರು ಕಡೆಯ ಗಾಲ್ಫ್ ಮೈದಾನವೊಂದರಲ್ಲಿ ಒಂಬತ್ತು ವರ್ಷದಿಂದ ಕ್ಯಾಡಿ, ಅಂದರೆ ಆಟಗಾರರ ಕ್ಲಬ್ ಚೀಲ ಹೊರುವವನು. ಹೊರುತ್ತ ಹೊರುತ್ತಲೇ ಆಟ ಕಲಿತಿದ್ದ. ಈಗ ಅಲ್ಲೇ ಸಹಾಯಕ ಕೋಚ್ ಹುದ್ದೆಗೆ ಆಯ್ಕೆ ಪರೀಕ್ಷೆ ಇತ್ತು. ಮುಂದಿನ ಶುಕ್ರವಾರ ಡ್ರೈವರ್ ಎಂಬ ಕ್ಲಬ್ಬಿನಿಂದ ಹತ್ತು ಚೆಂಡು ಹೊಡೆಯಬೇಕು, ಏಳಾದರೂ ಎರಡು ಬಾವುಟಗಳ ನಡುವೆ ಬೀಳಬೇಕು. ಹಿಂದೆ ಎರಡು ಸಲ ಸೋತಿದ್ದ. ಮೂರಕ್ಕಿಂತ ಹೆಚ್ಚು ಅವಕಾಶ ಇರಲಿಲ್ಲ.

"ಎಲ್ಲ ಚೆಂಡೂ ಬಲಕ್ಕೇ ಹೋಗ್ತದೆ ಅಣ್ಣ. ಇದ್ಕಿಂತ ಗಟ್ಟಿ ಶಾಫ್ಟ್ ಹಾಕಿಕೊಡಿ" ಎಂದ.

ಡ್ರೈವರ್ ಎಂದರೆ ಚೆಂಡನ್ನು ಅತಿ ದೂರ ಹೊಡೆಯುವ, ಎಲ್ಲಕ್ಕಿಂತ ಉದ್ದದ ಕ್ಲಬ್. ಅದರ ಉದ್ದ ಕೋಲೇ ಶಾಫ್ಟ್. ಬೀಸುವಾಗ ಅದು ಎಷ್ಟು ಬಾಗುತ್ತದೆ ಎಂಬುದು ಫ್ಲೆಕ್ಸ್. ರೆಗ್ಯುಲರ್ ಚೆನ್ನಾಗಿ ಬಾಗುತ್ತದೆ, ಸ್ಟಿಫ್ ಕಡಿಮೆ, ಎಕ್ಸ್‌ಟ್ರಾ ಸ್ಟಿಫ್ ಇನ್ನೂ ಕಡಿಮೆ. ಮಷಿನ್ ಹಚ್ಚಿ ನೋಡಿದೆ. ಕ್ಲಬ್ಬಿನ ವೇಗ ಗಂಟೆಗೆ ನೂರಾಮೂರು ಮೈಲಿ! ತೋಳು ನೋಡಿದೆ, ಚಿಕ್ಕಂದಿನಿಂದ ಬಲೆ ಎಳೆದ ತೋಳು. ಇನ್ನೆಂತ ಯೋಚನೆ? ಅವನ ಸ್ಟಿಫ್ ಶಾಫ್ಟ್ ತೆಗೆದು ಎಕ್ಸ್‌ಟ್ರಾ ಸ್ಟಿಫ್ ಹಾಕಿ ಕಳಿಸಿಬಿಟ್ಟೆ.

ಬುಧವಾರ ಫೋನ್ ಬಂತು. "ಅಣ್ಣ, ಮತ್ತೂ ಬಲಕ್ಕೆ ಹೋಗ್ತದೆ. ಎಂತ ಮಾಡೂದು?"

"ನಿನ್ನ ಕೈ ಸರಿ ಇಲ್ಲ ಮಾರಾಯ" ಎಂದು ಗದರಿಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಫೋನ್ ಇಟ್ಟ ಮೇಲೆ ಊಟ ಸೇರಲಿಲ್ಲ. ಗುರುವಾರ ಬೆಳಿಗ್ಗೆ, ಅವನು ರಜೆ ಹಾಕಿ ಊರಿಗೆ ಬಂದಿದ್ದಾನೆಂದು ತಿಳಿದು, ಶರಾವತಿ ದಂಡೆಯ ಅವನ ಮನೆಗೆ ಹೋದೆ.

ಗಣಪತಿ ಸೊಂಟದ ತನಕ ನೀರಿನಲ್ಲಿ ನಿಂತು ಬಲೆ ಬೀಸುತ್ತಿದ್ದ. ಬಲೆಯನ್ನು ನಿಧಾನಕ್ಕೆ ಹಿಂದಕ್ಕೆ ಒಯ್ದ, ಅದರ ಭಾರ ಪೂರ್ತಿ ಹಿಂದೆ ಹೋಗುವ ತನಕ ಕಾದ, ಆಮೇಲೆ ಬಿಟ್ಟ. ಬಲೆ ದೋಸೆಯಷ್ಟು ದುಂಡಗೆ ಬಿಚ್ಚಿಕೊಂಡು ನೀರಿಗೆ ಬಿತ್ತು. ಅವಸರವೇ ಇಲ್ಲ.

ದಂಡೆಯಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಅವನ ಹೆಂಡತಿ ಯಮುನಾ ಹೇಳಿದಳು: "ಬಲೆ ಬೀಸೂಕೆ ಇವ್ರಷ್ಟು ಚಂದ ಯಾರಿಗೂ ಬರೂದಿಲ್ಲ ಅಣ್ಣ. ಆ ಹೊಸ ಕೋಲು ಹಿಡಿದ್ರೆ ಮಾತ್ರ ಜಗಳಕ್ಕೆ ನಿಂತವ್ರ ಹಾಗೆ ಮಾಡ್ತಾರೆ."

ಅಯ್ಯೋ ದೇವರೇ! ಮಷಿನ್ ನನಗೆ ವೇಗ ಹೇಳಿತ್ತು, ಆ ವೇಗ ಎಲ್ಲಿ ಹುಟ್ಟುತ್ತದೆಂದು ಹೇಳಿರಲಿಲ್ಲ. ಇವನು ಕಾದು ಬೀಸುವವನು. ಅಂಥವನ ಕೈಯಲ್ಲಿ ಗಟ್ಟಿ ಶಾಫ್ಟ್ ಬಾಗುವುದಿಲ್ಲ. ಬಾಗದಿದ್ದರೆ ಕ್ಲಬ್ಬಿನ ಮುಖ ಸಮಯಕ್ಕೆ ಸರಿಯಾಗಿ ನೆಟ್ಟಗಾಗದೆ ಚೆಂಡು ಬಲಕ್ಕೆ ಹೋಗುತ್ತದೆ. ಶಾಫ್ಟ್ ಬಗ್ಗಿಸಲು ಅವನು ತೋಳಿನ ಬಲ ಹಾಕುತ್ತಿದ್ದ, ಆಟ ಇನ್ನಷ್ಟು ಕೆಡುತ್ತಿತ್ತು.

"ತಮಾ, ಮೇಲೆ ಬಾ! ತಪ್ಪು ನಂದು!" ಎಂದು ದಂಡೆಯಿಂದಲೇ ಕೂಗಿದೆ.

ಶೆಡ್‌ಗೆ ಕರೆದೊಯ್ದು, ಸ್ಕ್ರೂ ಬಿಚ್ಚಿ ರೆಗ್ಯುಲರ್ ಶಾಫ್ಟ್ ಕೂರಿಸಿದೆ. ಅವನ ಮುಖ ಸಣ್ಣದಾಯಿತು. "ಇದು ಮುದುಕರದ್ದಲ್ವಾ ಅಣ್ಣ? ಸಂಗಡಿಗರು ನಗಾಡ್ತಾರೆ."

"ಬಲೆಗೆ ಹಗ್ಗದ ಬದಲು ಕಬ್ಬಿಣದ ಸರಳು ಕಟ್ತೀಯಾ ನೀನು? ಸುಮ್ಮನೆ ಹೊಡಿ. ಬಲೆ ಬೀಸಿದ ಹಾಗೇ ಹೊಡಿ."

ಕೊಯ್ಲಾದ ಗದ್ದೆಯಲ್ಲಿ ನಿಂತು ಹೊಡೆದ. ಮೊದಲನೆಯದೇ ನೆಟ್ಟಗೆ! ಎರಡನೆಯದೂ ನೆಟ್ಟಗೆ! ನಾನು ಪಂಚೆ ಎತ್ತಿಕಟ್ಟಿ ಗದ್ದೆಯಲ್ಲೇ ಕುಣಿದುಬಿಟ್ಟೆ. ವಯಸ್ಸು ಐವತ್ತೆಂಟು, ನೋಡಿದವರು ಏನೆಂದುಕೊಂಡರೋ.

ಶುಕ್ರವಾರ ಅವನ ಜೊತೆ ನಾನೂ ರೈಲು ಹತ್ತಿದೆ, ಮನೆಯಲ್ಲಿ ಕೂರಲು ಆಗಲಿಲ್ಲ. ಮೊದಲ ಎರಡು ಚೆಂಡು ಬಲಕ್ಕೆ ಹೋದವು. ಗಾಬರಿಯಲ್ಲಿ ಮತ್ತೆ ತೋಳು ಬಳಸಿದ್ದ. ನಾನು ನೋಡಲು ನಿಂತವನು, ಕೂಗುವ ಹಾಗಿಲ್ಲ. ಗಣಪತಿ ಕ್ಲಬ್ ಕೆಳಗಿಟ್ಟು, ಬರಿಗೈಯಲ್ಲಿ ಒಮ್ಮೆ ಬಲೆ ಬೀಸಿದ. ಯಾರೋ ನಕ್ಕರು. ಆಮೇಲೆ ಆರು ಚೆಂಡು ಒಂದರ ಹಿಂದೊಂದು ಬಾವುಟಗಳ ನಡುವೆ! ಒಂಬತ್ತನೆಯದು ಎಡಕ್ಕೆ ತಪ್ಪಿತು. ಉಳಿದದ್ದು ಒಂದೇ ಚೆಂಡು, ಬೇಕಾದದ್ದೂ ಒಂದೇ. ಅವನು ಕ್ಲಬ್ ಹಿಂದಕ್ಕೆ ಒಯ್ದ, ಕಾದ, ಬಿಟ್ಟ. ಚೆಂಡು ಬಲ ಬಾವುಟದಿಂದ ಎರಡು ಮಾರು ಒಳಗೆ ಬಿತ್ತು.

"ಆತು ಅಣ್ಣ, ಆತು!" ಎಂದು ಓಡಿಬಂದು ನನ್ನನ್ನು ತಬ್ಬಿ ಎತ್ತಿಯೇಬಿಟ್ಟ. ಇಬ್ಬರೂ ಅತ್ತೆವು.

ಅವನೇನೋ ಅಣ್ಣನಿಂದ ಗೆದ್ದೆ ಎಂದು ಇಂದಿಗೂ ಊರೆಲ್ಲ ಹೇಳುತ್ತಾನೆ. ನಿಜ ಬೇರೆ. ನನ್ನ ಇಪ್ಪತ್ತೆರಡು ವರ್ಷದ ಜಂಬ ಅವನ ಒಂಬತ್ತು ವರ್ಷದ ದುಡಿಮೆಯನ್ನು ಮುಳುಗಿಸುವುದರಲ್ಲಿತ್ತು. ಈಗ ಯಾರೇ ಬರಲಿ, ಮಷಿನ್ ಹಚ್ಚುವ ಮೊದಲು ಒಂದು ಮಾತು ಕೇಳುತ್ತೇನೆ: "ನೀವು ದಿನಾ ಎಂತ ಕೆಲಸ ಮಾಡ್ತೀರಿ? ಸ್ವಲ್ಪ ಮಾಡಿ ತೋರಿಸಿ."