ಮನೆಗೊಂದೇ ಮೇಲ್ ಐಡಿ

ಅಕ್ಕನ ಮಣಿಕಟ್ಟು ಮುರಿದ ಸದ್ದು ನನಗೆ ಕೇಳಿಸಿತು ಎಂದು ಬಹಳ ಜನರಿಗೆ ಹೇಳಿದ್ದೇನೆ. ಒಣಗಿದ ಕಬ್ಬಿನ ಜಲ್ಲೆ ಮುರಿದ ಹಾಗೆ ಎಂದು ಹೋಲಿಕೆಯನ್ನೂ ಕೊಟ್ಟಿದ್ದೇನೆ. ಈಗ ಬರೆಯಲು ಕೂತಾಗ ಅನುಮಾನ. ಅಂಗಳದಲ್ಲಿ ಟ್ರ್ಯಾಕ್ಟರ್ ಎಂಜಿನ್ ಓಡುತ್ತಿತ್ತು. ಅದರ ಪಕ್ಕ ನಿಂತವನ ಕಿವಿಗೆ ಮೂಳೆಯ ಸದ್ದು ಬೀಳುವುದಿಲ್ಲ. ಆ ಸದ್ದನ್ನು ಹೊಡೆದುಹಾಕುತ್ತೇನೆ. ಮುರಿದದ್ದು ನಿಜ. ಬಲಗೈ.

ಅಕ್ಕನನ್ನು ಕೊಟ್ಟ ಊರು ಕೆ.ಆರ್. ನಗರದ ಆಚೆ, ಹೊಸ ಅಗ್ರಹಾರದ ಹತ್ತಿರ. ನಾನು ಹುಣಸೂರಿನಿಂದ ಅವಳನ್ನು ನೋಡಿ ಬರಲು ಹೋಗಿದ್ದೆ. ಆಗ ಅವಳು ಮನೆಯವರಿಗೆ ತಿಳಿಯದಂತೆ ಸ್ಕೂಟರ್ ಕಲಿಯುತ್ತಿದ್ದಳು. ಮಹಿಳಾ ಸಂಘದಲ್ಲಿ ಊರೂರು ಸುತ್ತುವ ಕೆಲಸವೊಂದು ಖಾಲಿಯಿತ್ತು, ಲೈಸೆನ್ಸ್ ಇದ್ದವರಿಗೆ ಮಾತ್ರ. ಬ್ಲೌಸ್ ಹೊಲಿಯುವ ಕ್ಲಾಸು ಎಂದು ಹೇಳಿ ಪೇಟೆಯ ಡ್ರೈವಿಂಗ್ ಸ್ಕೂಲಿಗೆ ಹೋಗಿ ಬರುತ್ತಿದ್ದಳು. ಮುಂದಿನ ವಾರ ಟೆಸ್ಟು.

"ಲೈಸನ್ಸು ಕೈಗೆ ಬಂದ್ಮೇಲೆ ನಾನೇ ಯೋಳ್ತೀನಿ ಕಣ್ಲಾ" ಎಂದಿದ್ದಳು. "ಬಂದ್ಮೇಲೆ ಕಿತ್ಕಳಾದು ಕಷ್ಟ. ಬರೋಕೆ ಮುಂಚೆ ತಡ್ಯಾದು ಸುಲ್ಬ."

ಸೇರುವಾಗ ಸ್ಕೂಲಿನವನು ಮೇಲ್ ಐಡಿ ಕೇಳಿದ್ದ. ಅವಳು ಮನೆಯದ್ದನ್ನು ಕೊಟ್ಟಳು. ನಮ್ಮ ಕಡೆ ಮೇಲ್ ಐಡಿ ಮನೆಗೊಂದೇ. ಎಂದೋ ಯಾವುದೋ ಅರ್ಜಿಗೆಂದು ಸೈಬರ್ ಸೆಂಟರಿನವನು ಗಂಡಸಿನ ಹೆಸರಲ್ಲಿ ಮಾಡಿಕೊಟ್ಟಿರುತ್ತಾನೆ. ಗ್ಯಾಸಿಗೆ, ಮಗಳ ಸ್ಕಾಲರ್‌ಶಿಪ್ಪಿಗೆ, ಅತ್ತೆಯ ಪಿಂಚಣಿಗೆ ಎಲ್ಲಕ್ಕೂ ಅದೇ. ಬಾಗಿಲ ಮೇಲೆ ಪಂಚಾಯ್ತಿಯವರು ಬಳಿದ ಮನೆ ನಂಬರಿನಂತೆ ಅದು. ಆ ನಂಬರು ಬಾಯಿಬಿಟ್ಟು ಮಾತಾಡೀತೆಂದು ಯಾರೂ ಹೆದರುವುದಿಲ್ಲ. ಭಾವ ಕೊಂಡ ಹೊಸ ಫೋನಿನಲ್ಲಿ ಅದು ಮಾತಾಡತೊಡಗಿತ್ತು ಎಂಬುದು ಅಕ್ಕನಿಗೆ ಗೊತ್ತಿರಲಿಲ್ಲ.

ನಾನಿದ್ದ ದಿನವೇ ಭಾವ ಜಗಲಿಯ ಮೇಲೆ ಕೂತು ಡ್ರೈವಿಂಗ್ ಸ್ಕೂಲಿನ ಮೇಲ್ ತೆರೆದು ಅಕ್ಷರ ಕೂಡಿಸಿ ಜೋರಾಗಿ ಓದಿದ. ನಿಮ್ಮ ಸ್ಕೂಟರ್ ತರಬೇತಿ ಮುಗಿಯುತ್ತ ಬಂದಿದೆ, ಅಭಿನಂದನೆ, ಈಗ ಕಾರನ್ನೂ ಕಲಿಯಿರಿ, ಮಹಿಳೆಯರಿಗೆ ವಿಶೇಷ ರಿಯಾಯಿತಿ. ಕೆಳಗೆ ಫೋಟೋ. ಹೆಲ್ಮೆಟ್ ತೊಟ್ಟ ಹೆಂಗಸರ ಸಾಲು. ಅಕ್ಕ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಗುತ್ತಿದ್ದಳು.

"ಬ್ಲೌಸ್ ಒಲಿಯಕ್ಕೆ ಎಲ್ಮೆಟ್ ಬೇಕೇನಮ್ಮಿ?" ಎಂದ ಭಾವ, ಸಿಟ್ಟಿಲ್ಲದ ದನಿಯಲ್ಲಿ.

ಅಕ್ಕ ರಾಗಿ ಕೇರುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಕೇಳಿದ್ರೆ ಬುಡ್ತಿದ್ರಾ?"

ಮೊದಲು ಮೊರ ಹಾರಿತು. ಆಮೇಲೆ ಜಡೆ ಹಿಡಿದು ಅವಳ ಮುಖವನ್ನು ಕಂಬಕ್ಕೆ ಬಡಿದ. ಮತ್ತೆ ಬಡಿದ. ತುಟಿ ಸೀಳಿ ರಕ್ತ ಗಲ್ಲದಿಂದ ಇಳಿದು ಚೆಲ್ಲಿದ ರಾಗಿಯ ಮೇಲೆ ಬಿತ್ತು. ಅವಳು ಬಿದ್ದಾಗ ಹೊಟ್ಟೆಗೆ ಒದ್ದ. ಕೊನೆಗೆ ಬೆನ್ನಿನ ಮೇಲೆ ಮೊಣಕಾಲೂರಿ ಬಲಗೈಯನ್ನು ಹಿಡಿದು, "ಇಂಗೆ ತಾನೇ ಎಕ್ಸ್‌ಲೇಟರ್ ತಿರುವಾದು? ಇಂಗೇ ಅಲ್ವಾ?" ಎನ್ನುತ್ತ ತಿರುವಿದ. ಇದರಲ್ಲಿ ಹಿಂದುಮುಂದಾಗಿರಬಹುದು. ಒದ್ದದ್ದು ಮೊದಲಿರಬಹುದು. ತಿರುವಿದ್ದು ಕೊನೆಗೇ.

ನಾನು ಅವನ ಬೆನ್ನಿಗೆ ಬಿದ್ದು ಭುಜ ಕಚ್ಚಿದೆ. ಹಲ್ಲಿಗೆ ಅಂಗಿಯೂ ಚರ್ಮವೂ ಒಟ್ಟಿಗೆ ಸಿಕ್ಕವು. ಅಕ್ಕನ ಅತ್ತೆ ಸೌದೆ ಬೀಸಿದಳು, ನನ್ನ ತಲೆ ಒಡೆಯಿತು. ಮಗನಿಗೆಂದು ಬೀಸಿದ್ದು ನಿನಗೆ ತಾಗಿತು ಎನ್ನುತ್ತಾಳೆ ಆಕೆ ಇಂದಿಗೂ. ಇದ್ದೀತು. ನಾನು ಕಣ್ಣು ಬಿಡುವಷ್ಟರಲ್ಲಿ ಭಾವ ಗುದ್ದಲಿಯ ಕಾವು ಹಿಡಿದು ಬೈಕು ಹತ್ತಿ ಪೇಟೆಯ ಕಡೆ ಹೊರಟಿದ್ದ.

ಆಸ್ಪತ್ರೆಯಲ್ಲಿ ಹೇಗಾಯಿತೆಂದು ಕೇಳಿದಾಗ ಅಕ್ಕ "ಗಂಡ ಮುರ್ದ" ಎಂದೇ ಬರೆಸಿದಳು. ಮಾರನೆಯ ದಿನ ಕೈಗೆ ಪಟ್ಟಿ ಹಾಕಿಸಿಕೊಂಡು ಹೊರಬಂದವಳು ಹುಣಸೂರಿನ ಬಸ್ಸು ಹತ್ತಲಿಲ್ಲ. ಡ್ರೈವಿಂಗ್ ಸ್ಕೂಲಿಗೆ ನಡೆದಳು, ನಾನು ಹಿಂದೆ.

ಅಲ್ಲಿ ಗಾಜಿನ ಬಾಗಿಲು ಇರಲಿಲ್ಲ, ಬರೀ ಚೌಕಟ್ಟು. ಕಂಪ್ಯೂಟರ್ ಪರದೆಯ ನಡುವೆ ತೂತು. ಮಾಲೀಕನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಮುಂದಿನ ಹಲ್ಲಿನ ಜಾಗದಲ್ಲಿ ಹತ್ತಿ.

"ನಾನೇನ್ ಕೆಟ್ದು ಬರ್ದಿದ್ನಾ ತಾಯಿ?" ಎಂದ. "ಒಳ್ಳೇದಾಗ್ಲಿ ಅಂದೆ. ಇನ್ನಿಬ್ರು ಕಾರಿಗೆ ಸೇರ್ಕಳ್ಲಿ ಅಂತ. ಈ ಟೌನಲ್ಲಿ ಎಲ್ಲಾ ಅಂಗ್ಡಿಯೋರೂ ಕಳುಸ್ತಾರೆ."

"ಐಡಿ ಕೊಟ್ಟಿದ್ದು ಲೈಸನ್ಸಿಗೆ" ಎಂದಳು ಅಕ್ಕ. ಊದಿದ ತುಟಿಯಲ್ಲಿ ಮಾತು ತೊದಲುತ್ತಿತ್ತು. "ಆಫರ್ ಕಳ್ಸಿ ಅಂದಿದ್ನಾ? ಫೋಟೋ ಆಕಿ ಅಂದಿದ್ನಾ? ಇದೇ ಬೆಂಚ್ ಮ್ಯಾಲೆ ಕುಂತಿರ್ತಿದ್ದೆ. ಕಳಿಸ್ಲಾ ಅಂತ ಒಂದ್ ಮಾತ್ ಕೇಳಿದ್ರೆ ನಿಮ್ಮ ಅಲ್ಲೂ ಉಳೀತಿತ್ತು, ನನ್ ಕೈಯೂ ಉಳೀತಿತ್ತು."

"ತಪ್ಪಾಯ್ತು. ನಿಮ್ ಐಡಿ ತೆಗ್ದಾಕ್ತೀನಿ."

"ನಂದು ಬುಡಿ, ಮುಗೀತು. ಮಿಕ್ಕೋರಿಗೂ ಇದೇ ಮೇಲ್ ಓಗಿದ್ದದಾ?"

ಅವನು ಹೌದೆಂದು ತಲೆಯಾಡಿಸಿದ. "ಇರಿ, ಈಗ್ಲೇ ಒಬ್ಬೊಬ್ರಿಗೂ ಫೋನ್ ಮಾಡಿ ಕೇಳ್ತೀನಿ" ಎಂದು ಮೊಬೈಲು ಎತ್ತಿಕೊಂಡ. ಅಕ್ಕ ಎಡಗೈಯನ್ನು ಅದರ ಮೇಲಿಟ್ಟಳು.

"ಆ ನಂಬ್ರು ಯಾರ ಜೇಬಲ್ಲಿ ಅದೆ ಅಂತ ಗೊತ್ತಾ ನಿಮ್ಗೆ?"

ಈ ಸಂಗತಿ ತಿಳಿಸಿದಾಗ ಚಿಕ್ಕ ಅಂಗಡಿಯವರು ನನಗೆ ಇಂದಿಗೂ ಹೇಳುತ್ತಾರೆ, ನಮ್ಮದೊಂದು ಮೇಲ್‌ನಿಂದ ಯಾರಿಗೇನಾದೀತು, ದೊಡ್ಡ ಕಂಪನಿಗಳು ದಿನಾ ಕಳಿಸುವುದಿಲ್ಲವೇ ಎಂದು. ದೊಡ್ಡ ಕಂಪನಿಯ ಮೇಲನ್ನು ಯಾರೂ ಓದುವುದಿಲ್ಲ. ಊರಿನ ಅಂಗಡಿಯದನ್ನು ಊರೇ ಓದುತ್ತದೆ. ಅದರಲ್ಲಿರುವ ಮುಖ ಗೊತ್ತು, ಬೀದಿ ಗೊತ್ತು, ಏನು ಕೊಂಡಳೆಂದೂ ಗೊತ್ತು. ಕಳಿಸುವ ಮುಂಚೆ ಕೇಳುವುದಕ್ಕೆ ಎದುರಿಗೆ ಒಂದು ಬೆಂಚು ಇರುತ್ತದೆ. ಕಳಿಸಿದ ಮೇಲೆ ಕೇಳಲು ಹೊರಟರೆ ಕೇಳುವುದೇ ಇನ್ನೊಂದು ಏಟು.

ಆದ್ದರಿಂದ ಅಕ್ಕ ಬೆಂಚಿನ ಮೇಲೆ ಕೂತು ಕಾದಳು. ಕ್ಲಾಸಿಗೆ ಬಂದ ಹೆಂಗಸರಿಗೆಲ್ಲ ಪಟ್ಟಿ ಹಾಕಿದ ಕೈ ತೋರಿಸಿ ವಿಷಯ ತಿಳಿಸಿದಳು. ಒಬ್ಬಳು ಅಲ್ಲೇ ಕುಸಿದು ಕೂತಳು. ಇನ್ನೊಬ್ಬಳು ನಕ್ಕುಬಿಟ್ಟಳು. "ನಮ್ಮನೇಲಿ ಓದಕ್ಕೆ ಬರಾದು ನನ್ಗೊಬ್ಳಿಗೇ ಬುಡಕ್ಕ." ಫೋಟೋದಲ್ಲಿ ಅಕ್ಕನ ಪಕ್ಕ ನಿಂತಿದ್ದ ಹೆಂಗಸು ಮಾತ್ರ ಬರಲಿಲ್ಲ. ಅವಳ ಮೇಲ್, ನಂಬರು, ಫೋಟೋ ಎಲ್ಲ ಮಾಲೀಕನ ಬಳಿ ಇದ್ದವು. ಅವಳಿಗೆ ನೋವಾಗದಂತೆ ಅವಳನ್ನು ತಲುಪುವ ದಾರಿ ಒಂದೂ ಇರಲಿಲ್ಲ.

"ಅವ್ಳೂರು ಗೊತ್ತು ನಂಗೆ" ಎಂದು ಅಕ್ಕ ಎದ್ದಳು. ಮಾಲೀಕ ಟೆಸ್ಟಿನ ಹೊಸ ತಾರೀಕು ತಿಳಿಸುತ್ತೇನೆ ಎಂದಾಗ, "ತಿಳಿಸ್ಬ್ಯಾಡಿ, ನಾನೇ ಬಂದು ಕೇಳ್ತೀನಿ" ಎಂದಳು. ಪಟ್ಟಿ ಬಿಚ್ಚುವ ಹೊತ್ತಿಗೆ ಸಂಘದ ಕೆಲಸ ಇನ್ನೊಬ್ಬರದಾಗಿತ್ತು. ಲೈಸೆನ್ಸು ಬಂದದ್ದು ಅದಾದ ಬಹಳ ದಿನಗಳ ಮೇಲೆ.

ಅಂದು ಆ ಹೆಂಗಸಿನ ಊರಿಗೆ ಹೋದಾಗ ಬಾಗಿಲು ತೆರೆದವಳು ಅವಳೇ, ಫೋಟೋದಲ್ಲಿದ್ದವಳು. ಹಿಂದೆ ಒಬ್ಬ ಮುದುಕಿ ಕತ್ತು ಚಾಚಿ ನೋಡುತ್ತಿದ್ದಳು. ಬಾಗಿಲು ತೆರೆದವಳು ಅಕ್ಕನ ಪಟ್ಟಿ ನೋಡಿದಳು, ತುಟಿ ನೋಡಿದಳು.

"ಯಾರ್ ಬೇಕಾಗಿತ್ತು?" ಎಂದಳು.

ಅಕ್ಕ ಹಿಂದಿದ್ದ ಮುದುಕಿಯ ಕಡೆ ನೋಡಿ, "ಮನೆ ತಪ್ತು ಕಣವ್ವ" ಎಂದಳು.

ಬಾಗಿಲು ಮುಚ್ಚಿತು. ಬಸ್ಸಿನ ಕಡೆ ನಡೆಯುತ್ತ ನಾನು ಬೈಯತೊಡಗಿದೆ, ಅಷ್ಟು ದೂರ ಬಂದರೆ ಗುರುತೇ ಇಲ್ಲದವಳ ಹಾಗೆ ಆಡಿದಳಲ್ಲ ಎಂದು.

"ಸುಮ್ಕಿರ್ಲಾ" ಎಂದಳು ಅಕ್ಕ. "ಎರ್ಡು ಕೈಲೂ ಬಾಗ್ಲು ಎಳ್ಕಂಡ್ಳು, ಎರ್ಡೂ ನೆಟ್ಗವೆ. ನೋಡ್ಲಿಲ್ವಾ?"