ಮಿಸ್ ಅರ್ನೆಸ್ಟೀನ್ ಮನೆಗೆ ಬೋರ್ಡಿರಲಿಲ್ಲ

ಅಮೆರಿಕದ ನಮ್ಮೂರು ಹಾರ್ಲನ್ ಕ್ರಾಸಿಂಗಿನಲ್ಲಿ ಅರವತ್ತಾರನೇ ನಂಬರಿನ ಹೆದ್ದಾರಿಯನ್ನು ಯಾರೂ ಹೆದ್ದಾರಿ ಅನ್ನುವುದಿಲ್ಲ, ಬರೀ ಅರವತ್ತಾರು ಅನ್ನುತ್ತೇವೆ. ಹೊಸ ರಸ್ತೆ ಊರಾಚೆ ಹಾದುಹೋದ ಮೇಲೆ ಸತ್ತಂತಿದ್ದ ಊರು, ಈಗ ಹಳೆಯದನ್ನು ಹುಡುಕಿಕೊಂಡು ಬರುವವರಿಂದ ಮತ್ತೆ ಉಸಿರಾಡುತ್ತಿದೆ. ಜರ್ಮನಿಯವರು ಮೋಟಾರ್‌ಸೈಕಲ್ಲಿನಲ್ಲಿ ಬಂದು ನಮ್ಮಪ್ಪ ಕಟ್ಟಿಸಿದ ಮೋಟೆಲಿನ ನಿಯಾನ್ ಬೋರ್ಡಿನ ಕೆಳಗೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಗ್ಲೆಂಡಾ ಸ್ಟೋವಾಲ್, ಆ ಮೋಟೆಲಿನ ಈಗಿನ ಒಡತಿ, ಊರಿನ ಹೆದ್ದಾರಿ ಪರಂಪರೆ ಸಮಿತಿಯ ಕಾರ್ಯದರ್ಶಿ. ಜಂಬ ಸಾಕಷ್ಟಿತ್ತು.

ಆದರೆ ನಾನು ಹೇಳಹೊರಟಿದ್ದು ಅರ್ನೆಸ್ಟೀನ್ ಪ್ರೂಯಿಟ್ ಅವರ ಬಗ್ಗೆ. ಧಾನ್ಯದ ಗೋದಾಮಿನ ಹಿಂದೆ, ಕಪ್ಪು ಜನರ ಕೇರಿಯ ಕೊನೆಯ ಮನೆ ಅವರದು. ಮೂವತ್ತು ವರ್ಷ ನಮ್ಮ ಮೋಟೆಲಿನ ಹಾಸಿಗೆ ಬಟ್ಟೆ ಒಗೆದರು. ನನಗಿಂತ ಒಂಬತ್ತು ವರ್ಷ ದೊಡ್ಡವರು. ಆದರೂ ಆಗ ನಾನು ಹೆಸರು ಹಿಡಿದು ಕರೆಯುತ್ತಿದ್ದೆ, ಅವರು ನನ್ನನ್ನು ಗೌರವ ಸೇರಿಸಿ ಮಿಸ್ ಗ್ಲೆಂಡಾ ಅನ್ನುತ್ತಿದ್ದರು. ಅದರಲ್ಲಿ ತಪ್ಪಿದೆ ಅಂತ ನನಗೆ ಹೊಳೆಯುವ ಹೊತ್ತಿಗೆ ತಲೆ ನೆರೆತಿತ್ತು.

ಅವರ ಮಹಡಿಯ ಮೇಲೆ ಮೂರು ಕೋಣೆ. ಬಿಳಿಯರ ಮೋಟೆಲುಗಳು ಕಪ್ಪು ಜನರಿಗೆ ಜಾಗ ಕೊಡದಿದ್ದ ಕಾಲದಲ್ಲಿ, ಹಗಲೆಲ್ಲ ಕಾರು ಓಡಿಸಿ ಸುಸ್ತಾಗಿ ಬಂದ ಸಂಸಾರಗಳು ಮಲಗುತ್ತಿದ್ದದ್ದು ಅಲ್ಲಿ. ದಿನವಿಡೀ ನಮ್ಮ ಬಟ್ಟೆ ಒಗೆದು ಬಂದ ಮಿಸ್ ಅರ್ನೆಸ್ಟೀನ್ ಆ ಸಂಸಾರಗಳಿಗೆ ಬೀನ್ಸ್ ಬೇಯಿಸಿ, ಹಾಸಿಗೆ ಹಾಸಿಕೊಡುತ್ತಿದ್ದರು. ಬೆಳಿಗ್ಗೆ ಹೊರಡುವಾಗ ಬೂಟಿನ ರಟ್ಟಿನ ಡಬ್ಬಿಯಲ್ಲಿ ಕರಿದ ಕೋಳಿ ಕಟ್ಟಿ ಕೊಡುತ್ತಿದ್ದರು. ಮುಂದಿನ ಊರಿನ ಹೋಟೆಲುಗಳಲ್ಲೂ ಅವರಿಗೆ ಊಟ ಸಿಗುವ ಭರವಸೆ ಇರಲಿಲ್ಲ.

ಗಂಡ ತೀರಿಕೊಂಡ ಮೇಲೆ ಮನೆ ಸೋರತೊಡಗಿತು. ಚಾವಣಿ ಅಪಾಯಕಾರಿ, ಚಳಿಗಾಲದೊಳಗೆ ದುರಸ್ತಿಯಾಗದಿದ್ದರೆ ಕೆಡವುತ್ತೇವೆ ಅಂತ ಪುರಸಭೆಯ ನೋಟೀಸು ಅಂಟಿತು. ಉಳಿಯುವ ದಾರಿ ಒಂದೇ, ನಮ್ಮ ಸಮಿತಿಯ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರುವುದು; ಸೇರಿದರೆ ದುರಸ್ತಿಗೆ ಹಣ ಸಿಗುತ್ತಿತ್ತು. ಎಪ್ಪತ್ತೇಳನೇ ವಯಸ್ಸಿನಲ್ಲಿ, ಚರ್ಚಿಗೆ ಹೋಗುವ ಹ್ಯಾಟು ಹಾಕಿಕೊಂಡು ಅವರು ಸಭೆಗೆ ಬಂದರು.

ಸಮಿತಿಯವರು ಕೆಟ್ಟವರಲ್ಲ, ಬುದ್ಧಿ ಸ್ವಲ್ಪ ಮಂದ. ಅರವತ್ತಾರರ ಮೇಲೆ ಬೋರ್ಡಿಲ್ಲದೆ ಯಾರಾದರೂ ವ್ಯಾಪಾರ ಮಾಡಿದ್ದು ಉಂಟೇ ಅನ್ನುವುದು ಅವರ ಲೆಕ್ಕಾಚಾರ. ಹಳೆಯ ಬೋರ್ಡು, ಪೋಸ್ಟ್‌ಕಾರ್ಡು, ಜಾಹೀರಾತು, ಏನಾದರೂ ಒಂದು ಪುರಾವೆ ಕೊಡಿ ಅಂದರು. ಏನೂ ಇಲ್ಲವೆಂದಾಗ ಅಧ್ಯಕ್ಷ ಮರ್ಲ್ ಒಂದು ಉಪಾಯ ಹೇಳಿದ. ಬೋರ್ಡಿತ್ತು, ಗಾಳಿಗೆ ಬಿದ್ದುಹೋಯಿತು ಅಂತ ಬರೆದುಕೊಡಿ, ಹಳೆಯದರ ಥರವೇ ಚೆಂದದ ನಿಯಾನ್ ಬೋರ್ಡು ನಾವೇ ಮಾಡಿಸಿ ಹಾಕುತ್ತೇವೆ.

"ಬೋರ್ಡು ಹಾಕಿದ್ರೆ ಕಿಟಕಿಗೆ ಕಲ್ಲು ಬೀಳ್ತಿತ್ತು ಸ್ವಾಮಿ," ಅಂದರು ಮಿಸ್ ಅರ್ನೆಸ್ಟೀನ್. "ಮನೆ ಉಳಿಸ್ಕೊಳ್ಳೋಕೆ ಅಂತ, ಆಗ ಎಲ್ಲಾ ನೆಟ್ಟಗಿತ್ತು ಅಂತ ಸುಳ್ಳು ಹೇಳ್ಲಾ?"

ಹಾಗಿದ್ದರೆ ಆ ಕಾಲದಲ್ಲಿ ಇದೇ ರಸ್ತೆಯಲ್ಲಿ ವಸತಿ ನಡೆಸಿದವರ ಸಾಕ್ಷಿಯಾದರೂ ಬೇಕು ಅಂದ ಮರ್ಲ್. ಅಂಥವರಲ್ಲಿ ಬದುಕಿರುವವಳು ನಾನೊಬ್ಬಳೇ. ನಾನು ತಲೆ ಬಗ್ಗಿಸಿ ಸಭೆಯ ವರದಿ ಬರೆಯುತ್ತಾ ಕೂತೆ.

ಮರುದಿನ ಮಿಸ್ ಅರ್ನೆಸ್ಟೀನ್ ಮೋಟೆಲಿಗೇ ಬಂದರು. ಗೊತ್ತಿರುವುದನ್ನು ಬರೆದುಕೊಡಿ, ಅಷ್ಟೇ ಸಾಕು ಅಂದರು. ನಾನು ಗೀಚಿ ಕೊಟ್ಟೆ: ಇವರ ಮನೆಯಲ್ಲಿ ಪ್ರಯಾಣಿಕರು ತಂಗುತ್ತಿದ್ದರೆಂದು ಊರವರು ಹೇಳುತ್ತಿದ್ದರು. ಓದಿ, ಮಡಿಸಿ, ಕೌಂಟರಿನ ಮೇಲಿಟ್ಟರು.

"ಇದರಲ್ಲಿ ಊರವರಿದ್ದಾರೆ ಮಿಸ್ ಗ್ಲೆಂಡಾ. ನೀವೆಲ್ಲಿ?"

ನಾನೆಲ್ಲಿದ್ದೆ ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಕೌಂಟರಿನ ಹಿಂದೆ. ನಮ್ಮ ಬೋರ್ಡಿನ ಕೆಳಸಾಲಿನಲ್ಲಿ 'ರೂಮ್ ಖಾಲಿ' ಅಂತ ಸದಾ ಉರಿಯುತ್ತಿತ್ತು. ಪಕ್ಕದ 'ಇಲ್ಲ' ಅನ್ನುವುದಕ್ಕೆ ಬೇರೆ ಸ್ವಿಚ್ಚು, ಕೌಂಟರಿನ ಅಡಿಯಲ್ಲಿ. ಅಂಗಳಕ್ಕೆ ತಿರುಗಿದ ಕಾರಿನಲ್ಲಿ ಕಪ್ಪು ಮುಖ ಕಂಡರೆ ಅದನ್ನು ಒತ್ತಬೇಕು. ಬಾಯಿಬಿಟ್ಟು ಹೇಳುವ ಕಷ್ಟವಿಲ್ಲ, ಇದೇ ಮರ್ಯಾದೆಯ ರೀತಿ ಅನ್ನುತ್ತಿದ್ದ ಅಪ್ಪ. ಇಪ್ಪತ್ತನೇ ವಯಸ್ಸಿಗೆ ಆ ಕೆಲಸ ನನ್ನ ಪಾಲಿಗೆ ಬಂತು. ಯಾರಾದರೂ ಇಳಿದು ಬಂದು ಕೇಳಿದರೆ ಗೋದಾಮಿನ ಹಿಂದಿನ ಮನೆ ತೋರಿಸುತ್ತಿದ್ದೆ, ಉಪಕಾರ ಮಾಡಿದೆ ಅಂದುಕೊಳ್ಳುತ್ತಿದ್ದೆ. ನಮ್ಮ ಅರ್ಧ ರೂಮುಗಳು ಖಾಲಿ ಇರುತ್ತಿದ್ದವು.

ಇದನ್ನು ಬರೆದರೆ ಅಪ್ಪನ ಹೆಸರು ಮಣ್ಣುಪಾಲು. ಬರೆಯದಿದ್ದರೆ ಅವರ ಮನೆ ನೆಲಸಮ. ಮೂರು ದಿನ ಒದ್ದಾಡಿದೆ. ಧೈರ್ಯ ಬಂತು ಅಂತ ಹೇಳಲಾರೆ, ನಾಚಿಕೆ ತಡೆಯಲಾಗಲಿಲ್ಲ. ಬರೆದದ್ದನ್ನು ಸಭೆಯಲ್ಲಿ ನಾನೇ ಓದಿದೆ. ಯಾರೂ ನನ್ನ ಮುಖ ನೋಡಲಿಲ್ಲ. ಮನೆ ಪಟ್ಟಿಗೆ ಸೇರಿತು.

ಹೊರಗೆ ಬಂದಾಗ ಮಿಸ್ ಅರ್ನೆಸ್ಟೀನ್ ಪಕ್ಕದಲ್ಲಿ ಹೋಗಿ ನಿಂತೆ. ನನ್ನ ಆಸೆ ಅವರಿಗೆ ಅರ್ಥವಾಗಿತ್ತು.

"ಪರವಾಗಿಲ್ಲ ಬಿಡು ಅಂತ ನಾನು ಅನ್ಲಿ ಅಂತ ಕಾಯ್ತಿದ್ದೀಯ ಗ್ಲೆಂಡಾ. ನಿನ್ನ ಬಾಗಿಲಿಂದ ವಾಪಸ್ ಹೋದೋಳು ನಾನಲ್ಲ. ಆ ಮಾತು ಹಾಗೆ ಹೋದವ್ರದ್ದು, ನಾನು ಹೇಗೆ ಕೊಡ್ಲಿ?"

ಹೊಸ ಚಾವಣಿಯ ಕೆಳಗೆ ಮೂರು ಚಳಿಗಾಲ ಕಳೆದು ಮಿಸ್ ಅರ್ನೆಸ್ಟೀನ್ ತೀರಿಕೊಂಡರು. ಈಗ ಶನಿವಾರಗಳಲ್ಲಿ ಮನೆ ನೋಡಬಂದವರಿಗೆ ಬಾಗಿಲು ತೆಗೆಯುವುದು ನನ್ನ ಕೆಲಸ. ಯಾರೂ ಹೇಳಿ ಮಾಡಿಸಿದ್ದಲ್ಲ.

ಹೋದ ಏಪ್ರಿಲಿನಲ್ಲಿ ಡೆಟ್ರಾಯ್ಟಿನಿಂದ ಒಬ್ಬರು ಬಂದರು, ಅರವತ್ತರ ಆಸುಪಾಸಿನ ಕಪ್ಪು ಮನುಷ್ಯ. ಮಹಡಿಯ ಮಧ್ಯದ ಕೋಣೆಯಲ್ಲಿ ನಿಂತು, ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆಯಲ್ಲಿ, ಆರು ವರ್ಷದವನಿದ್ದಾಗ ಇಲ್ಲಿ ಮಲಗಿದ್ದೆ ಅಂದರು. ಬೋರ್ಡು ಝಗಝಗ ಅನ್ನುತ್ತಿದ್ದ ಆ ಮೋಟೆಲಿನಲ್ಲೇ ಇಳಿಯೋಣ ಅಂತ ಹಟ ಹಿಡಿದು ಅತ್ತಿದ್ದರಂತೆ.

"ರೂಮೆಲ್ಲ ಭರ್ತಿಯಾಗಿದೆ ಮಗನೇ, ನಾವು ಬರೋದು ತಡ ಆಯ್ತು ಅಂದ್ರು ನಮ್ಮಪ್ಪ," ಅಂತ ನಕ್ಕರು.

"ಭರ್ತಿ ಆಗಿರ್ಲಿಲ್ಲ," ಅಂದೆ. "ಸ್ವಿಚ್ಚು ಒತ್ತಿದ್ದು ನಾನು."

ಅವರು ಕಿಟಕಿಯ ಕಡೆ ತಿರುಗಿದರು.

"ನಮ್ಮಪ್ಪಂಗೆ ಅದು ಗೊತ್ತಿತ್ತಾ?"

"ಬೋರ್ಡಿನಲ್ಲಿ 'ಇಲ್ಲ' ಹೊತ್ತಿಕೊಂಡಿದ್ದು ಅವ್ರ ಕಣ್ಣೆದುರಿಗೇ. ಗೊತ್ತಿತ್ತು," ಅಂದೆ.