ಒಳಗೆ ಮೆಟ್ಟದ ಮೆಟ್ಟು

ನನ್ನ ಬಾಯಿ ಚುರುಕು ಎಂಬುದು ತವರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಪ್ಪತ್ತರ ದಶಕದ ನಡುವೆ ಮಾಯಸಂದ್ರದ ಹತ್ತಿರದ ತೋಟದ ಮನೆಗೆ ನಾನು ಸೊಸೆಯಾಗಿ ಹೊರಟಾಗ ಅವ್ವ ಬಸ್ಸಿನ ಕಿಟಕಿಯ ಹತ್ತಿರ ಬಂದು, "ನಾಲ್ಗೆ ಒಂದ್ನ ಬಿಗಿ ಹಿಡ್ಕಂಡಿರವ್ವ, ಮಿಕ್ಕಿದ್ದೆಲ್ಲ ತಾನೇ ಆಯ್ತದೆ" ಎಂದಿದ್ದಳು. ಮಿಕ್ಕಿದ್ದೆಲ್ಲ ಆಯಿತು. ಆ ಒಂದನ್ನು ಮಾತ್ರ ನಾನು ಹಿಡಿದುಕೊಳ್ಳಲಿಲ್ಲ.

ಆ ಮನೆಯಲ್ಲಿ ಇದ್ದದ್ದು ಮೂರೇ ಜನ: ನನ್ನ ಗಂಡ, ಅವರ ತಾಯಿ, ನಾನು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಅತ್ತೆಗೆ ಆಗ ಐವತ್ತರ ಆಸುಪಾಸು. ಭಾರದ ಮೈ, ಆದರೂ ಬಿರುಸು ನಡಿಗೆ. ತೋಟ ಮಗನದಾದರೆ ಅಟ್ಟ ಅತ್ತೆಯದು. ಕಿತ್ತ ತೆಂಗಿನಕಾಯಿ ನಮ್ಮ ಕಡೆ ವರ್ಷ ತುಂಬುವವರೆಗೂ ಅಟ್ಟದ ಮೇಲೇ ಇರುತ್ತದೆ. ಒಳಗಿನ ನೀರು ಹಿಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂದು ತಿಳಿಯಲು ಅತ್ತೆ ಏಣಿ ಹತ್ತಿ ಹೋಗಿ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ನನಗೆ ಒಂದೇ ಥರ ಕೇಳುವ ಸದ್ದು ಅವರಿಗೆ ನಾಲ್ಕಾರು ಥರ ಕೇಳುತ್ತಿತ್ತು. "ಇದ್ಕಿನ್ನೂ ಒಂದ್ ತಿಂಗ್ಳು ಬೇಕು" ಎಂದು ಬದಿಗಿಟ್ಟರೆ ಅದಕ್ಕೆ ಸರಿಯಾಗಿ ಒಂದು ತಿಂಗಳೇ ಹಿಡಿಯುತ್ತಿತ್ತು. ಊರಿನವರು ತಮ್ಮ ಅಟ್ಟದ ಕಾಯಿ ಇಳಿಸುವ ಮುಂಚೆ ಅವರನ್ನು ಮನೆಗೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಹಾಗೆ ಕರೆಸಿಕೊಳ್ಳುವುದು ಅತ್ತೆಗೆ ಬಲು ಇಷ್ಟವಾಗಿತ್ತು.

ನಾನು ಹೋದ ಹೊಸದರಲ್ಲಿ ಒಂದು ದಿನ ಸಂತೆಯಿಂದ ಬಂದವಳು ಮರೆತು ಚಪ್ಪಲಿಯಲ್ಲೇ ನಡುಮನೆಗೆ ಬಂದುಬಿಟ್ಟೆ. ನೆಂಟರು ಕೂತಿದ್ದರು. ಅತ್ತೆ ಎಲ್ಲರೆದುರಿಗೇ, "ಹೊಸ್ತಿಲೊಳಕ್ಕೆ ಮೆಟ್ಟು ತರಬಾರ್ದು ಕಣವ್ವ, ಇದು ದೇವ್ರಿರೋ ಮನೆ" ಎಂದು ಹೇಳಿ, ನೆಲ ತೊಳೆಯಲು ನನ್ನ ಕೈಗೆ ನೀರಿನ ಬಿಂದಿಗೆ ಕೊಟ್ಟರು. ಜೋರು ಮಾಡಲಿಲ್ಲ, ಬೈಯಲಿಲ್ಲ. ಆದರೂ ನನಗೆ ಮುಖಕ್ಕೆ ಹೊಡೆದಂತಾಯಿತು. ನಾನು ಸುಲಭಕ್ಕೆ ಮರೆಯುವವಳಲ್ಲ.

ನಾಲ್ಕೈದು ವರ್ಷದ ಮೇಲೆ ಅತ್ತೆಯ ಎಡಗಾಲಿನ ಗಿಣ್ಣಿನ ಒಳಮಗ್ಗುಲು ಊದಿಕೊಳ್ಳತೊಡಗಿತು. ಏಣಿ ಇಳಿಯುವಾಗ ಉಳುಕಿರಬೇಕು ಎಂದುಕೊಂಡೆವು. ಎಕ್ಕದೆಲೆಯ ಶಾಖ ಆಯಿತು, ಹರಳೆಣ್ಣೆ ಆಯಿತು, ಉಳುಕು ತೆಗೆಯುವವನ ಹತ್ತಿರ ಎಳೆಸಿದ್ದೂ ಆಯಿತು. ಎಳೆಸಿದ ಮೇಲೆ ನೋವು ಇನ್ನಷ್ಟಾಯಿತು. ಬಚ್ಚಲಿನಿಂದ ಕಾಲು ತೊಳೆದು ಬಂದರೆ ಬಲಗಾಲಿನ ಒದ್ದೆ ಗುರುತು ನಡುವೆ ಸಣ್ಣಗಾಗಿರುತ್ತಿತ್ತು, ಎಡಗಾಲಿನದು ಇಡೀ ಪಾದ ಹಾಗೇ ಮೂಡುತ್ತಿತ್ತು. ಅದನ್ನು ನಾನೇ ಮೊದಲು ನೋಡಿ ಗಂಡನಿಗೆ ಹೇಳಿದೆ.

ತಿಪಟೂರಿನಲ್ಲಿ ಮೂಳೆ ನೋಡುವ ಡಾಕ್ಟರೊಬ್ಬರಿದ್ದರು. ನಾನೇ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಗೋಡೆ ಹಿಡಿದುಕೊಂಡು ಒಂಟಿ ಕಾಲಲ್ಲಿ ತುದಿಬೆರಳ ಮೇಲೆ ನಿಲ್ಲಿ ಎಂದರು. ಬಲಗಾಲಲ್ಲಿ ಅತ್ತೆ ಎದ್ದರು. ಎಡಗಾಲಿನ ಹಿಮ್ಮಡಿ ನೆಲ ಬಿಟ್ಟು ಮೇಲೇಳಲೇ ಇಲ್ಲ. ಅತ್ತೆ ನಾಚಿಕೆಯಿಂದ ನಕ್ಕರು.

"ಇದು ಉಳುಕಲ್ಲಮ್ಮ" ಎಂದರು ಡಾಕ್ಟರು. "ಪಾದದ ಕಮಾನನ್ನ ಎತ್ತಿ ಹಿಡಿಯೋ ನರ ಒಂದಿದೆ. ಅದು ಬಾವಿ ಹಗ್ಗದ ಹಾಗೆ ಸವೆದು ಸಡಿಲವಾಗಿದೆ. ಕಮಾನು ಕುಸೀತಾ ಇದೆ. ಪಾದ ಇನ್ನೂ ಮೆತ್ತಗಿದೆ, ಈಗಲೇ ಆಧಾರ ಕೊಟ್ಟರೆ ನಿಲ್ಲಿಸಬಹುದು."

ಒಂದೂವರೆ ತಿಂಗಳು ಪ್ಲಾಸ್ಟರ್ ಹಾಕಿದರು. ಅದು ಬಿಚ್ಚಿದ ಮೇಲೆ ಮೈ ಇಳಿಸಬೇಕು, ಗೋಡೆಗೆ ಒರಗಿ ಮೀನಖಂಡ ಎಳೆಯುವ ವ್ಯಾಯಾಮ ಮಾಡಬೇಕು, ಒಳಗಡೆ ಕಮಾನು ಎತ್ತಿ ಹಿಡಿಯುವ ಚಪ್ಪಲಿ ಮಾಡಿಸಿ ಹಾಕಿಕೊಳ್ಳಬೇಕು ಎಂದರು. ಚಪ್ಪಲಿ ಅಂಗಡಿಯ ಸಾಹೇಬರು ಅತ್ತೆಯ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಂಡರು. "ಕಾಲು ಮುಟ್ಟುಸ್ಕಳಕ್ಕೆ ನಾನೇನ್ ಅಷ್ಟು ದೊಡ್ಡೋಳಾ ಸಾಬ್ರೆ" ಎಂದು ಅತ್ತೆ ಮುದುಡಿಕೊಂಡರು. "ನಮ್ದು ಕೆಲ್ಸಾನೇ ಪಾದದ್ದು ಅಮ್ಮಾ" ಎಂದರು ಅವರು. ಎಂಟು ದಿನಕ್ಕೆ ದಪ್ಪ ತೊಗಲಿನ, ಪಟ್ಟಿಯಿದ್ದ ಚಪ್ಪಲಿ ಸಿದ್ಧವಾಯಿತು. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅತ್ತೆಯ ಕೈಗೆ ಕೊಟ್ಟು, "ಇದನ್ನ ಚಪ್ಪಲಿ ಅಂದ್ಕೋಬೇಡಿ, ಔಷಧಿ ಅಂದ್ಕೊಳ್ಳಿ. ಎದ್ದಾಗಿಂದ ಮಲಗೋವರೆಗೂ ಕಾಲಲ್ಲಿರಬೇಕು. ಮನೆ ಒಳಗೂ" ಎಂದರು. ಅತ್ತೆ ತಲೆಯಾಡಿಸಿದರು.

"ಒಳಗೂ ಅಂತೆ" ಎಂದರು ಬಸ್ಸಿನಲ್ಲಿ. "ಡಾಕ್ಟ್ರ ಮನೇಲಿ ದೇವ್ರಿಲ್ವೇನೋ." ಇಬ್ಬರೂ ನಕ್ಕೆವು.

ಚಪ್ಪಲಿ ಜಗಲಿಯ ಮೂಲೆಯಲ್ಲಿ ಕೂತಿತು. ನಮ್ಮ ಹೆಂಗಸರು ದಿನವಿಡೀ ನಿಲ್ಲುವುದು ಒಲೆಯ ಮುಂದೆ, ಅಂಗಳದಲ್ಲಿ, ಅಟ್ಟದ ಮೇಲೆ. ಅಲ್ಲೆಲ್ಲ ಬರಿಗಾಲು. ಚಪ್ಪಲಿ ಹಾಕುವುದು ಊರಿಗೆ ಹೊರಟಾಗ, ಬಸ್ಸಿನಲ್ಲಿ ಕೂರುವುದಕ್ಕೆ. ಕಾಲಿಗೆ ಆಧಾರ ಬೇಕಾದ ಕಡೆ ಅದು ಇರಲಿಲ್ಲ, ಇದ್ದ ಕಡೆ ಬೇಕಿರಲಿಲ್ಲ.

ನೋವು ಹೆಚ್ಚಾಯಿತು. ಒಂದು ಶುಕ್ರವಾರ ನಾನು ಅಡುಗೆಮನೆ ಒರೆಸಿ, ದೇವರ ಗೂಡಿನ ಮುಂದೆ ರಂಗೋಲಿ ಬಿಟ್ಟು ಏಳುವಾಗ, ಅತ್ತೆ ಆ ಚಪ್ಪಲಿ ಹಾಕಿಕೊಂಡು ಒಳಗೆ ಬಂದರು. ಕೈಯಲ್ಲಿ ಸೊಪ್ಪಿನ ಮೊರವಿತ್ತು. ಕಳ್ಳರಂತೆ ಮೆಲ್ಲಗೆ ಹೆಜ್ಜೆಯಿಡುತ್ತಿದ್ದರು. ಅಷ್ಟು ವರ್ಷ ಒಳಗಿಟ್ಟುಕೊಂಡಿದ್ದ ಮಾತು ನನ್ನ ನಾಲಿಗೆಗೆ ತಾನಾಗಿ ಬಂತು.

"ಏನತ್ತೆ, ದೇವ್ರಿರೋ ಮನೆಗೆ ಮೆಟ್ಟಾಕ್ಕಂಡು ಬಂದ್ರಾ? ಬಿಂದಿಗೆ ಕೊಡ್ಲಾ?"

ನಗುತ್ತಲೇ ಅಂದೆ. ನಕ್ಕರೂ ವಿಷ ವಿಷವೇ. ಅತ್ತೆಯ ಮುಖ ಇಳಿಯಿತು. ಅಲ್ಲೇ ಬಗ್ಗಿ, ಚಪ್ಪಲಿ ಬಿಚ್ಚಿ, ಕೈಯಲ್ಲಿ ಹಿಡಿದುಕೊಂಡು ಹೊರಗಿಟ್ಟು ಬಂದರು. "ನೀನೇಳಿದ್ದು ಸರಿ ಕಣವ್ವ" ಎಂದರು. ಆಮೇಲೆ ನಾನು ಜಗಲಿಗೆ ಹೋದಾಗ ಅಲ್ಲಿ ಒಂದು ಒದ್ದೆ ಬಟ್ಟೆ ಬಿದ್ದಿತ್ತು, ಪಕ್ಕದಲ್ಲಿ ನೀರಿನ ಚೊಂಬು. ಅತ್ತೆ ಚಪ್ಪಲಿಯ ಅಡಿಯನ್ನು ತೊಳೆದು, ಒರೆಸಿ, ಆಮೇಲೆ ಹೊಸ್ತಿಲು ದಾಟಿದ್ದರು.

ಆಗಲೇ ಹೋಗಿ, ಅತ್ತೆ, ಇದು ಮೆಟ್ಟಲ್ಲ, ಔಷಧಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಡಾಕ್ಟರು ಆ ಮಾತನ್ನು ಕೈಗೇ ಕೊಟ್ಟು ಕಳಿಸಿದ್ದರು. ನಾನು ಹೇಳಲಿಲ್ಲ. ನನ್ನ ಲೆಕ್ಕ ತೀರಿತು ಎಂಬ ಹಮ್ಮು ಒಂದೆರಡು ದಿನ ಇತ್ತು, ಆಮೇಲೆ ಹೇಳಲು ಹೇಗೆ ಶುರುಮಾಡಬೇಕೋ ತಿಳಿಯಲಿಲ್ಲ. ಅತ್ತೆ ಮತ್ತೆ ಯಾವತ್ತೂ ಅದನ್ನು ಒಳಗೆ ಹಾಕಲಿಲ್ಲ.

ತಿಪಟೂರಿಗೆ ಹೋದಾಗಲೆಲ್ಲ ಡಾಕ್ಟರು, "ಹಾಕ್ಕೋತಿದೀರಾ?" ಎನ್ನುತ್ತಿದ್ದರು. "ಹೂಂ ಸ್ವಾಮಿ, ಹಾಕ್ಕಂಡೇ ಬಂದಿದ್ದೀನಿ" ಎಂದು ಅತ್ತೆ ಕಾಲು ಮುಂದೆ ಮಾಡುತ್ತಿದ್ದರು. ಅದು ಸುಳ್ಳೂ ಅಲ್ಲ. ಪಕ್ಕದಲ್ಲಿ ನಿಂತ ನಾನು, ಬಾಯಿಗೆ ಹೆಸರಾದವಳು, ಅಲ್ಲಿ ಮಾತ್ರ ಸುಮ್ಮನಿರುತ್ತಿದ್ದೆ.

ವರ್ಷಗಳು ಕಳೆದಂತೆ ಗಿಣ್ಣು ಒಳಕ್ಕೆ ವಾಲಿತು. ಪಾದ ಕೈಯಿಂದ ತಿರುಗಿಸಿದರೂ ತಿರುಗದಷ್ಟು ಬಿಗಿಯಾಯಿತು. ಎಂಬತ್ತರ ದಶಕದ ನಡುವೆ, ಇನ್ನು ಆಪರೇಷನ್ನೇ ಗತಿ ಎಂದು ಡಾಕ್ಟರು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿನವರು ಎಕ್ಸ್‌ರೇ ಹಿಡಿದು ನೋಡಿ, ಹಿಮ್ಮಡಿಯ ಮೂರು ಕೀಲುಗಳನ್ನು ಸರಿಯಾಗಿ ಕೂರಿಸಿ ಒಂದಕ್ಕೊಂದು ಬೆಸೆಯಬೇಕು ಎಂದರು. ನೋವು ಹೋಗುತ್ತದೆ, ಆದರೆ ಪಾದ ಅಕ್ಕಪಕ್ಕಕ್ಕೆ ವಾಲುವುದಿಲ್ಲ, ಏರುತಗ್ಗಿನ ನೆಲದಲ್ಲಿ ನಡೆಯುವುದು ಕಷ್ಟ.

"ಅಟ್ಟ ಹತ್ತಬೋದಾ ಸ್ವಾಮಿ?" ಎಂದು ಅತ್ತೆ ಕೇಳಿದರು. ಅವರು ಕೇಳಿದ್ದು ಅದೊಂದನ್ನೇ.

"ಅಟ್ಟ ಮರೆತುಬಿಡಿ ಅಮ್ಮ" ಎಂದರು ಅವರು. "ಪಾದ ಮೆತ್ತಗಿದ್ದಾಗಲೇ ಚಪ್ಪಲಿ ಕೊಟ್ಟಿದ್ದರಲ್ಲ, ಮನೆಯೊಳಗೆ ಹಾಕ್ಕೊಳ್ಳಲಿಲ್ವಾ?"

ನಾನು ನೆಲ ನೋಡಿದೆ. ಅತ್ತೆ ನನ್ನ ಕಡೆ ತಿರುಗಲೂ ಇಲ್ಲ. "ಹಾಕ್ಕಂಡೆ ಸ್ವಾಮಿ. ನನ್ನ ಹಣೇಬರ" ಎಂದರು.

ಮೂರು ತಿಂಗಳು ಪ್ಲಾಸ್ಟರ್, ಆಮೇಲೆ ಊರುಗೋಲು, ಆಮೇಲೆ ಗೋಡೆ ಹಿಡಿದು ನಡಿಗೆ. ನೋವು ನಿಜಕ್ಕೂ ಹೋಯಿತು. ಆದರೆ ತೋಟದ ಬದುಗಳ ಮೇಲೆ ಹೆಜ್ಜೆ ಊರಲಾಗುತ್ತಿರಲಿಲ್ಲ, ಏಣಿಯ ಮೆಟ್ಟಿಲಿಗೆ ಪಾದ ಒಗ್ಗುತ್ತಿರಲಿಲ್ಲ. ನಾನು ಅಟ್ಟದಿಂದ ಕಾಯಿ ಇಳಿಸಿ ಅವರ ಕೈಗೆ ಕೊಡುತ್ತಿದ್ದೆ, ಅವರು ಜಗಲಿಯಲ್ಲಿ ಕೂತು ಅಲ್ಲಾಡಿಸುತ್ತಿದ್ದರು. ನಮ್ಮ ಮನೆಯ ಮಟ್ಟಿಗೆ ಅದು ನಡೆಯಿತು. ಊರಿನವರು ಕರೆಯಲು ಬರುವುದನ್ನು ಬಿಟ್ಟರು.

ಅಂದಿನಿಂದ ದಿನವೂ ಮಧ್ಯಾಹ್ನ ಊಟವಾದ ಮೇಲೆ ಆ ಪಾದವನ್ನು ನನ್ನ ಮಡಿಲಲ್ಲಿಟ್ಟುಕೊಂಡು, ಹೊಲಿಗೆಯ ಗೆರೆಗೆ ಕೊಬ್ಬರಿ ಎಣ್ಣೆ ಹಚ್ಚಿ ನೀವುತ್ತಿದ್ದೆ. ಹಾಗೆ ಎರಡು ವರ್ಷ ನೀವಿದೆ. ಆ ಹೊತ್ತಿನಲ್ಲಿ ಅತ್ತೆ ತಮ್ಮ ತವರಿನ ಕಥೆ ಹೇಳುತ್ತಿದ್ದರು, ಯಾರಿಗೂ ಹೇಳದ ದುಃಖಗಳನ್ನು ಹೇಳುತ್ತಿದ್ದರು. "ನನ್ ಸೊಸೆ ನನ್ ಕಾಲ್ನ ಕೂಸಿನಂಗೆ ನೋಡ್ಕತಾಳೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿದಾಗಲೆಲ್ಲ ನಾನು ಏನಾದರೂ ಕೆಲಸದ ನೆಪ ಮಾಡಿ ಒಳಗೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಪಾದ ಹಿಡಿದುಕೊಂಡೇ ಹೇಳಿದೆ: "ಅತ್ತೆ, ಅವತ್ತು ನೀವು ಚಪ್ಪಲಿ ತೊಳ್ದು ಒಳಕ್ಕೆ ಬಂದಾಗ ನಾನು ಹಂಗನ್ನಬಾರ್ದಿತ್ತು. ನನ್ ಮಾತಿಂದಾನೇ ನಿಮ್ ಕಾಲು ಹಿಂಗಾಯ್ತು."

ಅತ್ತೆ ನನ್ನ ಕೈಗಳನ್ನು ನೋಡಿದರು.

"ಅದ್ಕಾ" ಎಂದರು, "ಅದ್ಕಾ ನೀನು ಎರಡ್ ವರ್ಷದಿಂದ ನೀವ್ತಾ ಇದ್ದದ್ದು? ನಾನು ಅಕ್ಕರೆಗೆ ಅನ್ಕಂಡಿದ್ದೆ ಕಣವ್ವ."

ಅಕ್ಕರೆಗೂ ಹೌದು ಎಂದು ಹೇಳಲು ಹೊರಟೆ. ಅದು ನಿಜವೂ ಆಗಿತ್ತು. ಅಷ್ಟರಲ್ಲಿ ಅತ್ತೆ ಎರಡೂ ಕೈಯಿಂದ ಆ ಪಾದವನ್ನು ಎತ್ತಿ ನನ್ನ ಮಡಿಲಿನಿಂದ ತೆಗೆದುಕೊಂಡು, ಸೀರೆಯ ನೆರಿಗೆಯೊಳಗೆ ಮುಚ್ಚಿಕೊಂಡರು. "ಸಾಕು ಬುಡು" ಎಂದರು. ಮಾರನೆಯ ದಿನ ಊಟವಾದ ಮೇಲೆ ಎಣ್ಣೆ ಬಟ್ಟಲು ಹಿಡಿದು ಹೋದಾಗ ಅವರು ಆಗಲೇ ತಾವೇ ಹಚ್ಚಿಕೊಂಡು ಕೂತಿದ್ದರು.